ಏಳು ದಿನದ ಎಂಜಿನ್ನು

ಟೀವಿಯಲ್ಲಿ ಅವಳು ಕಾಣಿಸಿದ್ದು ಒಂದೇ ಸಲ, ಅದೂ ಚಹಾದ ಟ್ರೇ ಹಿಡಿದುಕೊಂಡು. ಒಂಬತ್ತು ಸೆಕೆಂಡು. ಟ್ರೇಯನ್ನು ಬೆಂಚಿನ ಮೇಲಿಟ್ಟು ಪಕ್ಕಕ್ಕೆ ಸರಿದಳು, ಕ್ಯಾಮೆರಾ ಅವಳನ್ನು ಅಲ್ಲೇ ಬಿಟ್ಟು ಅಪ್ಪನ ಕೈಗಳ ಕಡೆ ಹೊರಟುಹೋಯಿತು. ಸುಳ್ಳೇನಲ್ಲ, ಆ ದಿನ ಚಹಾ ತಂದಿಟ್ಟದ್ದು ಅವಳೇ. ಹೋಟೆಲಿನವನು ಟ್ರೇಯನ್ನು ಬಾಗಿಲಲ್ಲೇ ಇಟ್ಟು ಹೋಗಿದ್ದ, ಯಾರಾದರೂ ಎಡವಿಯಾರು ಅಂತ ಎತ್ತಿ ಒಳಗೆ ತಂದಿದ್ದಳು. ಮೂರು ದಿನ ಗ್ಯಾರೇಜಿನಲ್ಲಿ ಬೀಡುಬಿಟ್ಟವರಿಗೆ ಅವಳಿಂದ ಬೇಕಾಗಿದ್ದದ್ದು ಇಷ್ಟೇ ಎಂದು ಒಂದು ತಿಂಗಳಾದ ಮೇಲೆ, ಹನ್ನೊಂದು ಜನರ ಎದುರಿಗೆ ಗೊತ್ತಾಯಿತು. ಮೈಯೆಲ್ಲ ಉರಿಯಿತು.

ಹನ್ನೊಂದು ಜನವೂ ಬೈಕ್ ಕ್ಲಬ್ಬಿನವರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಾರ್ಯಕ್ರಮ ನೋಡಲೆಂದೇ ಗ್ಯಾರೇಜಿಗೆ ಬಂದಿದ್ದರು. ಟೀವಿಯನ್ನು ಟೈರು ಜೋಡಿಸುವ ಸ್ಟ್ಯಾಂಡಿನ ಮೇಲೆ ಹತ್ತಿಸಲಾಗಿತ್ತು. ಕುರ್ಚಿ ಸಾಲದೆ ಹಲ್ಲಿನ ಡಾಕ್ಟರು ಗ್ರೀಸ್ ಡಬ್ಬದ ಮೇಲೆ ಪೇಪರು ಹಾಸಿಕೊಂಡು ಕೂತಿದ್ದರು. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಅಪ್ಪ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು. ಊರಿಗೆಲ್ಲ ಅವನು ಮೇಸ್ತ್ರಿ. ಅವಳು ಮೇಸ್ತ್ರಿಯ ಮಗಳು.

ಪರದೆಯ ಮೇಲೆ ನಿರೂಪಕ ಗಡ್ಡ ಸವರಿಕೊಂಡು ಹೇಳುತ್ತಿದ್ದ: ಎರಡು ಸತ್ತ ಎಂಜಿನ್ನು, ಒಬ್ಬ ಹಳೆಯ ಮೇಸ್ತ್ರಿ, ಏಳೇ ಏಳು ದಿನ. ಮೂಲೆಯಲ್ಲಿ ಗಡಿಯಾರದ ಚಿತ್ರವೊಂದು ಓಡುತ್ತಿತ್ತು. ಏಳು ದಿನವಂತೆ! ಕೇಳುವವರ ಕಿವಿಗೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ. ಆ ಎಂಜಿನ್ನಿಗೆ ಹಿಡಿದದ್ದು ಎರಡು ವರ್ಷ ನಾಲ್ಕು ತಿಂಗಳು. ಗುಜರಿಯಿಂದ ಎರಡು ಒಂಟಿ ಸಿಲಿಂಡರಿನ ಎಂಜಿನ್ನು ಆರಿಸಿ ತಂದವಳು ಅವಳು. ಎರಡನ್ನೂ ಒಂದೇ ಹೊಟ್ಟೆಯಲ್ಲಿ ಕೂಡಿಸುವುದು ಹೇಗೆಂದು ರಟ್ಟು ಕತ್ತರಿಸಿ ಕತ್ತರಿಸಿ ನೋಡಿದವಳು ಅವಳು. ಆ ಹೊಟ್ಟೆಗೆಂದು ಎರಕ ಹೊಯ್ಯಿಸಿದ ಕೇಸು ಎರಡು ಸಲ ಬಿರುಕು ಬಿಟ್ಟಿತು, ಮೂರನೆಯದು ನಿಂತಿತು. ಮೂರು ಸಲವೂ ಅಪ್ಪ ಬಾಗಿಲಲ್ಲಿ ನಿಂತು, ಇದು ಆಗುವ ಹೋಗುವ ಕೆಲಸವಲ್ಲ ಎಂದಿದ್ದ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನು ಅಪ್ಪನೇ, ಅದನ್ನು ಅವಳು ಯಾವತ್ತೂ ಇಲ್ಲವೆಂದವಳಲ್ಲ. ಆದರೆ ಈ ಎಂಜಿನ್ನಿನ ಒಂದು ಬೋಲ್ಟನ್ನೂ ಅವನು ತಿರುಗಿಸಿರಲಿಲ್ಲ.

ಟೀವಿಯವರು ಬಂದ ದಿನ ಗಡ್ಡದವನು ಅಪ್ಪನ ಬಿಳಿ ಕೂದಲನ್ನೂ ಕಪ್ಪು ಉಗುರುಗಳನ್ನೂ ನೋಡಿ, ಕಥೆ ಸಿಕ್ಕಿತು ಎಂದಿದ್ದ. ಮಗಳು ಕಟ್ಟಿದ್ದು ಎಂದರೆ ಜನ ಸಾವಿರ ಪ್ರಶ್ನೆ ಕೇಳುತ್ತಾರೆ, ಮೇಸ್ತ್ರಿಯ ಕೊನೆಯ ಎಂಜಿನ್ನು ಎಂದರೆ ಕಣ್ಣೀರು ಹಾಕುತ್ತಾರೆ ಎಂದು ವಿವರಿಸಿದ್ದ. ಅಪ್ಪ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆಮೇಲೆ ಅವಳ ಹತ್ತಿರ, ಹೋಗಲಿ ಬಿಡು, ಯಾರ ಹೆಸರಾದರೇನು, ಗ್ಯಾರೇಜಿನ ಹೆಸರು ತಾನೇ ಎಂದಿದ್ದ. ಹಾಗಾದರೆ ನನ್ನ ಹೆಸರೇ ಆಗಬಹುದಲ್ಲ ಎಂದು ಅವಳು ಕೇಳಬೇಕಿತ್ತು. ಆ ಮಾತು ಹೊಳೆದದ್ದು ಮಾರನೆಯ ದಿನ ಹಲ್ಲುಜ್ಜುವಾಗ.

ಜಾಹೀರಾತು ಬಂದಾಗ ವಾದ ಶುರುವಾಯಿತು. ಮನೆಯಲ್ಲಿ ಆರು ಬೈಕು ಇಟ್ಟುಕೊಂಡಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು, ಯಾರು ಏನೇ ಹೇಳಲಿ, ಟೀವಿಯಿಂದ ನಮಗೆ ಮರ್ಯಾದೆ ಬಂತು, ಮೊದಲು ಬೀದಿ ಬೀದಿಯಲ್ಲಿ ಸದ್ದು ಮಾಡಿಕೊಂಡು ತಿರುಗುವ ಪೋಲಿಗಳು ಅನ್ನುತ್ತಿದ್ದರು ಎಂದರು. ಡಾಕ್ಟರು ಒಪ್ಪಲಿಲ್ಲ. ಇಂಥ ಕಾರ್ಯಕ್ರಮ ಬಂದ ಮೇಲೆ ಎಲ್ಲರಿಗೂ ಹೊಳೆಯುವ ಪೈಪು, ದೊಡ್ಡ ಸದ್ದು, ವಾರದೊಳಗೆ ಕೆಲಸ. ಎಂಜಿನ್ ಕಟ್ಟುವುದೆಂದರೆ ಮುಕ್ಕಾಲು ಪಾಲು ಅಳತೆ, ಅಳತೆ ಹಿಡಿದು ಕೂತವನನ್ನು ಮುಕ್ಕಾಲು ಗಂಟೆ ಯಾರು ನೋಡುತ್ತಾರೆ ಎಂದರು. ನಿಮ್ಮ ಕ್ಲಿನಿಕ್ಕಿಗೂ ಕ್ಯಾಮೆರಾ ಕರೆಸಿ, ಏಳು ನಿಮಿಷಕ್ಕೆ ಮೂವತ್ತೆರಡೂ ಕೀಳಬಹುದು ಎಂದು ಮ್ಯಾನೇಜರರು ಹೇಳಿದಾಗ ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಗೋಡೆಗೆ ಒರಗಿ ಹಲ್ಲು ಕಚ್ಚಿ ನಿಂತಿದ್ದಳು.

ಮತ್ತೆ ಕಾರ್ಯಕ್ರಮ. ಸಂಗೀತ ನಿಧಾನವಾಯಿತು. ಪರದೆ ತುಂಬ ಅಪ್ಪನ ಬೆರಳುಗಳು, ಬೆರಳುಗಳ ನಡುವೆ ಪಿಸ್ಟನ್ನು. ಅವಳು ಗೋಡೆ ಬಿಟ್ಟು ನೆಟ್ಟಗಾದಳು. ಎರಡನೆಯ ದಿನ ಅವಳನ್ನು ಅಪ್ಪನಿಗೆ ಹೊಸ ನೀಲಿ ಕೋಟು ತರಲು ಪೇಟೆಗೆ ಅಟ್ಟಿದ್ದರು. ವಾಪಸು ಬಂದಾಗ, ಮೇಲಿನ ಮುಚ್ಚಳವಷ್ಟೇ ತೆಗೆದು ತೋರಿಸಿ ಹಾಕಿಬಿಟ್ಟೆ ಎಂದು ಅಪ್ಪ ಹೇಳಿದ್ದ. ಈಗ ಪರದೆಯಲ್ಲಿ ನೋಡಿದರೆ ಪಿಸ್ಟನ್ನೇ ಹೊರಗೆ ಬಂದಿತ್ತು. ಅಪ್ಪ ಅದರ ಪಿನ್ನು ತೂರಿಸಿ, ಪಿನ್ನಿನ ತುದಿಗೆ ಲಾಕು ಕೂರಿಸಿದ. ಹೆಬ್ಬೆರಳಿನ ಉಗುರಿನಷ್ಟು ಅಗಲದ ತಂತಿಯುಂಗುರ ಅದು, ಪಿನ್ನು ಆಚೀಚೆ ಜಾರದಂತೆ ತಡೆಯುವುದು ಅದೊಂದೇ. ಒಂದು ದೃಶ್ಯದಲ್ಲಿ ಅಪ್ಪನ ಕಣ್ಣಿಗೆ ಕನ್ನಡಕ ಇತ್ತು, ಮುಂದಿನದರಲ್ಲಿ ಇರಲಿಲ್ಲ. ಶರಟಿನ ತೋಳು ಒಮ್ಮೆ ಮಡಚಿತ್ತು, ಒಮ್ಮೆ ಬಿಚ್ಚಿತ್ತು, ಮತ್ತೆ ಮಡಚಿತ್ತು. ಅಂದರೆ ಬೆಳಕು ಸರಿಯಿಲ್ಲ, ಇನ್ನೊಮ್ಮೆ ಮಾಡಿ ಎಂದು ಅವರು ಹೇಳಿದ್ದಾರೆ, ಇವನು ಕೀಳುತ್ತ ಹಾಕುತ್ತ ಕೂತಿದ್ದಾನೆ.

ಒಂದು ಸಲ ಕಿತ್ತ ಲಾಕನ್ನು ಮತ್ತೆ ಹಾಕುವಂತಿಲ್ಲ. ಕೀಳುವಾಗಲೇ ಅದರ ಬಿಗಿ ಹೋಗಿರುತ್ತದೆ. ಓಡುವ ಎಂಜಿನ್ನಿನಲ್ಲಿ ಅದು ಕಳಚಿಕೊಂಡರೆ ಪಿನ್ನು ಜಾರಿ ಸಿಲಿಂಡರನ್ನು ಸೀಳುತ್ತದೆ, ಹಿಂದಿನ ಚಕ್ರ ಗಪ್ಪನೆ ಹಿಡಿದುಕೊಳ್ಳುತ್ತದೆ, ಮೇಲಿದ್ದವನು ರಸ್ತೆಗೆ ಬೀಳುತ್ತಾನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಹಳೆಯ ಲಾಕು ಹಾಕಿದ್ದಕ್ಕೆ ಇದೇ ಅಪ್ಪ ಎರಡು ದಿನ ಮಾತು ಬಿಟ್ಟಿದ್ದ. ಮೊದಲ ಓಟವನ್ನು ಮುಂದಿನ ಕಂತಿಗೆ ನಾವೇ ಚಿತ್ರೀಕರಿಸಬೇಕು, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಟೀವಿಯವರು ಎಂಜಿನ್ನು ಕೂರಿಸಿದ್ದ ಬೈಕಿಗೆ ಬಿಳಿ ಬಟ್ಟೆ ಹೊದಿಸಿ ಹೋಗಿದ್ದರು. ನಾಳೆ ಬೆಳಿಗ್ಗೆ ಬರುವವರಿದ್ದರು. ಓಡಿಸುವವನು ಅಪ್ಪ.

ಅವಳು ಹೋಗಿ ಟೀವಿ ಆರಿಸಿದಳು. ಯಾರೋ ಗೊಣಗಿದರು.

"ಅಪ್ಪ, ಆ ಲಾಕು ಹೊಸದಾ?"

"ಹೊಸದೇ," ಎಂದ ಅಪ್ಪ. "ಕೊನೇಲಿ ಹೊಸದೇ ಹಾಕ್ದೆ."

"ಹೊಸ ಲಾಕಿನ ಪೊಟ್ಟಣ ನನ್ನ ಡ್ರಾಯರಲ್ಲಿದೆ. ಬೀಗದ ಕೈ ಅವತ್ತೂ ನನ್ನ ಹತ್ರಾನೇ ಇತ್ತು."

ಅಪ್ಪನ ಮುಖ ಕೆಂಪಾಯಿತು. ನಾಲ್ಕು ಜನರ ಮುಂದೆ ಅಪ್ಪನನ್ನೇ ವಿಚಾರಣೆ ಮಾಡುತ್ತೀಯಾ ಎಂದು ಗದರಿದ. ನಲವತ್ತು ವರ್ಷದಿಂದ ಎಂಜಿನ್ನು ಬಿಚ್ಚಿದ ಕೈ ಇದು, ಬಿಗಿ ಇದೆಯೋ ಇಲ್ಲವೋ ಬೆರಳಿಗೇ ಗೊತ್ತಾಗುತ್ತದೆ ಎಂದ. ಮ್ಯಾನೇಜರರು ಸಮಾಧಾನಕ್ಕೆ ಬಂದರು: ನಾಳೆ ಐದು ನಿಮಿಷದ ಓಟ ತಾನೇ, ಅದು ಮುಗಿಯಲಿ, ಆಮೇಲೆ ನಿಧಾನಕ್ಕೆ ನೋಡಿಕೊಂಡರಾಯಿತು, ಸುಮ್ಮನೆ ದೊಡ್ಡವರ ಮನಸ್ಸು ಯಾಕೆ ನೋಯಿಸುತ್ತೀಯಮ್ಮ. ಎಂಥ ಮಾತು! ದೊಡ್ಡವರ ಮನಸ್ಸು ನೋಯಬಾರದು, ದೊಡ್ಡವರ ತಲೆ ಒಡೆದರೆ ಪರವಾಗಿಲ್ಲ.

ಅವಳು ಸ್ಪ್ಯಾನರ್ ಎತ್ತಿಕೊಂಡಳು. ಮುಂದಿನ ಕೋಣೆಗೆ ಹೋಗಿ ಬಿಳಿ ಬಟ್ಟೆಯನ್ನು ಎಳೆದು ಮೂಲೆಗೆ ಎಸೆದಳು. ಟ್ಯಾಂಕು ಇಳಿಸಿದಳು, ಪೈಪು ಬಿಚ್ಚಿದಳು. ಕಟ್ಟಲು ಅಷ್ಟು ಕಾಲ ಹಿಡಿದದ್ದು ಬಿಚ್ಚಲು ಎಷ್ಟು ಸಲೀಸು ಅನ್ನುವುದಕ್ಕೂ ಸಿಟ್ಟು ಬಂತು. ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು, ಯಾರೂ ಕೈಹಾಕಲಿಲ್ಲ. ಮೇಲಿನ ಮುಚ್ಚಳದ ಬೋಲ್ಟುಗಳಲ್ಲಿ ಒಂದು ಅವಳು ಬಿಗಿದದ್ದರ ಅರ್ಧದಷ್ಟೂ ಬಿಗಿ ಇರಲಿಲ್ಲ. ಅದನ್ನು ಎಡಗೈಯಲ್ಲೇ ತಿರುಗಿಸಿ ತೆಗೆದು, ಅಪ್ಪನ ಕಡೆ ನೋಡದೆ ತಟ್ಟೆಗೆ ಹಾಕಿದಳು.

ಒಂದೂವರೆ ಗಂಟೆಯ ಮೇಲೆ ಮುಂದಿನ ಸಿಲಿಂಡರು ಮೇಲೆ ಬಂತು. ಪಿಸ್ಟನ್ನಿನ ಕೆಳಗೆ ಬಟ್ಟೆ ತುರುಕಿ ಬಗ್ಗಿ ನೋಡಿದಳು. ಬಲಗಡೆಯ ಲಾಕು ಕೂತಿತ್ತು. ಎಡಗಡೆಯದರ ಒಂದು ತುದಿ ಅದು ಕೂರಬೇಕಾದ ತೋಡಿನ ಹೊರಗಿತ್ತು. ಇಕ್ಕಳ ತೆಗೆದುಕೊಳ್ಳುವ ಅಗತ್ಯ ಬೀಳಲಿಲ್ಲ. ಉಗುರು ತಾಗಿಸಿದ್ದೇ ತಡ, ಬಟ್ಟೆಯ ಮೇಲೆ ಬಿತ್ತು. ಅದನ್ನು ಎತ್ತಿ ಅಪ್ಪನ ಅಂಗೈ ಮೇಲೆ ಇಟ್ಟಳು.

"ನಾಳೆ ಇದರ ಮೇಲೆ ಕೂರೋನಿದ್ದೆ ನೀನು," ಎಂದಳು.

ಅಪ್ಪ ಲಾಕನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಆ ತೋಡು ಅವನಿಗೆ ಕಾಣಿಸಿಯೇ ಇರಲಿಲ್ಲ ಎಂದು ಆಗ ಎಲ್ಲರಿಗೂ ಅರ್ಥವಾಯಿತು. ಕ್ಯಾಮೆರಾ ಎದುರಿಗೆ ಕಾಣುವುದಿಲ್ಲ ಎಂದು ಹೇಳಲು ನಾಚಿಕೆ, ಮಗಳ ಎದುರಿಗೆ ಹೇಳಲು ಅದಕ್ಕಿಂತ ನಾಚಿಕೆ. ಮ್ಯಾನೇಜರರಿಗೆ ಮನೆಯಲ್ಲಿ ಯಾರೋ ಕಾಯುತ್ತಿರುವುದು ನೆನಪಾಯಿತು. ಅವರ ಹಿಂದೆ ಉಳಿದವರೂ ಹೊರಟರು. ಡಾಕ್ಟರೊಬ್ಬರೇ ಉಳಿದರು.

ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಅವನು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವನು. ಗಡ್ಡದವನು. ಕಾರ್ಯಕ್ರಮ ಭರ್ಜರಿಯಾಗಿ ಹೋಗಿದೆ, ಬೆಳಿಗ್ಗೆ ಆರಕ್ಕೆಲ್ಲ ಬರುತ್ತೇವೆ, ಎಳೆಬಿಸಿಲು ಚೆನ್ನಾಗಿರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ. ನಾಳೆ ಆಗುವುದಿಲ್ಲ, ಎಂಜಿನ್ನು ಬಿಚ್ಚಿದೆ ಎಂದ ಅಪ್ಪ.

"ಏನ್ ಸಾರ್ ನೀವು," ಗಡ್ಡದವನು ನಕ್ಕ. "ಅಷ್ಟು ದೊಡ್ಡ ಎಂಜಿನ್ ಕಟ್ಟಿದೋರು, ಇದೇನ್ ಮಹಾ ನಿಮಗೆ?"

ಅಪ್ಪ ಅಂಗೈಯಲ್ಲಿದ್ದ ಲಾಕನ್ನು ನೋಡಿದ. ಅವಳು ಸಿಲಿಂಡರಿನ ಒಳಗೋಡೆ ಒರೆಸುವುದನ್ನು ನಿಲ್ಲಿಸಲಿಲ್ಲ, ಆದರೆ ಕೈ ನಿಧಾನವಾಯಿತು.

"ಕಟ್ಟಿದೋನು ನಾನಲ್ಲ," ಎಂದ ಅಪ್ಪ. "ಕೆಡಿಸಿದೋನು ನಾನು. ಕಟ್ಟಿದೋಳು ಇಲ್ಲೇ ಇದಾಳೆ. ಕೈಯೆಲ್ಲ ಎಣ್ಣೆ, ಫೋನ್ ಮುಟ್ಟಲ್ಲ."

ಗಡ್ಡದವನು, ಈಗ ಇದನ್ನೆಲ್ಲ ಹೇಳಿದರೆ ಹೇಗೆ ಸಾರ್, ಕಾರ್ಯಕ್ರಮ ಪ್ರಸಾರವಾಗಿ ಹೋಗಿದೆಯಲ್ಲ ಎಂದ. ಅದು ನಿಮ್ಮ ತಲೆನೋವು ಎಂದು ಅಪ್ಪ ಫೋನು ಇಟ್ಟ. ಹಾಗೇ ನಿಂತುಕೊಂಡ, ಮಗಳು ಏನಾದರೂ ಅಂದಾಳು ಎಂದು.

ಅವಳು ಡ್ರಾಯರಿನ ಬೀಗ ತೆಗೆದಳು. ಪೊಟ್ಟಣದಿಂದ ಎರಡು ಹೊಸ ಲಾಕು ಆರಿಸಿ ಬಂದು ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬೆಳಕಿಗೆ ಅಡ್ಡ ನಿಂತಿದ್ದೀಯ," ಎಂದಳು. "ಆಚೆ ಹೋಗು."

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತ. ಕಿಟಕಿಯ ಬಿಸಿಲು ಪಿಸ್ಟನ್ನಿನ ಮೇಲೆ ಬಿತ್ತು, ಅವಳು ಅದನ್ನು ಇನ್ನಷ್ಟು ಬೆಳಕಿನ ಕಡೆ ತಿರುಗಿಸಿಕೊಂಡಳು.