ಸಾಲೊಮನ್ನರ ಕೋಟಿನ ಒಳಜೇಬು

ಜೂನ್ ತಿಂಗಳ ಬಿಸಿಲಿಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿಗೆ ಊರೇ ತೋಳಿಲ್ಲದ ಅಂಗಿಯಲ್ಲಿ ಬೀದಿಗಿಳಿದರೂ, ಬ್ರೂಮ್‌ಹಿಲ್ ಬಡಾವಣೆಯ ಶೂ ರಿಪೇರಿ ಅಂಗಡಿಯ ಸಾಲೊಮನ್ನರು ಮಾತ್ರ ತಮ್ಮ ಕಂದು ಉಣ್ಣೆಯ ಕೋಟನ್ನು ಬಿಚ್ಚುತ್ತಿರಲಿಲ್ಲ. ಎಡಗಾಲನ್ನು ಕೊಂಚ ಎಳೆದು ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ಒಳಜೇಬನ್ನು ತಟ್ಟಿ 'ಇದೆ, ಇದೆ' ಎಂದುಕೊಳ್ಳುವ ಈ ಎತ್ತರದ ಕಪ್ಪು ಮುದುಕರನ್ನು ಕಂಡರೆ, ಗ್ರಂಥಾಲಯದಲ್ಲಿ ಹಳೆಯ ಪತ್ರಗಳನ್ನು ದುರಸ್ತಿ ಮಾಡುವ ಪ್ರಭಾವತಿಗೆ ಅದೇನೋ ಅಕ್ಕರೆ.

ಜೇಬಿನಲ್ಲಿದ್ದದ್ದು ಅವರ ಮುತ್ತಜ್ಜನ ಅಜ್ಜ ಕೇಲೆಬನ ಬಿಡುಗಡೆಯ ಪತ್ರ. ಗುಲಾಮನಾಗಿ ಹುಟ್ಟಿ, ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ವತಂತ್ರನಾದ ಆತ ಮೊದಲು ಕ್ಷೌರದಂಗಡಿ ತೆರೆದ, ಆಮೇಲೆ ಹಡಗುಗಳಿಗೆ ಹಾಯಿ ಹೊಲಿಸಿದ, ಕೊನೆಗೆ ಸ್ವಂತ ದೋಣಿಗಳಲ್ಲಿ ಮರ ಸಾಗಿಸುವ ಧಣಿಯಾದ. ಧಣಿಯಾದರೇನು ಬಂತು! ಊರು ದಾಟಿದಾಗಲೆಲ್ಲ ಈ ಪತ್ರ ತೋರಿಸಬೇಕು. ಇಲ್ಲದಿದ್ದರೆ ಓಡಿಬಂದ ಗುಲಾಮನೆಂದು ಹಿಡಿದು ಮಾರಿಬಿಡುವರು. ತಪಾಸಣೆ ಮಾಡಿದವರೆಲ್ಲ ಪತ್ರದ ಹಿಂಬದಿಗೆ ಒಂದೊಂದು ಮುದ್ರೆ ಒತ್ತಿದ್ದರು.

ಅದು ಮಡಿಕೆಯಲ್ಲಿ ಹರಿಯತೊಡಗಿದಾಗ, 2003ರ ಜೂನಿನ ಒಂದು ಶುಕ್ರವಾರ ಸಂಜೆ, ಎರಡು ಸಲ ಕೊಟ್ಟು ಎರಡು ಸಲವೂ ಹಿಂದಕ್ಕೆಳೆದುಕೊಂಡು, ಸಾಲೊಮನ್ನರು ಅಂತೂ ಪ್ರಭಾವತಿಯ ಕೈಗಿಟ್ಟರು. ಗ್ರಂಥಾಲಯ ಮುಚ್ಚಿತ್ತು, ಆಕೆ ಮನೆಗೆ ಒಯ್ದಳು. ಬೆಳಿಗ್ಗೆ ನೋಡಿದರೆ, ಧಾರವಾಡದಿಂದ ಬಂದಿದ್ದ ಅತ್ತೆ ರತ್ನಮ್ಮನವರು ಪತ್ರವನ್ನು ದೇವರ ಮುಂದಿಟ್ಟು, ಹಿಂಬದಿಯ ಮೂಲೆಗೆ ಒದ್ದೆ ಕುಂಕುಮ ಹಚ್ಚಿಬಿಟ್ಟಿದ್ದಾರೆ!

"ಭಾಳ ದೊಡ್ಡ ಕಾಗದ ಅಂತ ನೀನ ಅಂದಿದ್ದಿಲ್ಲೇನವಾ? ಟೇಬಲ್ ಮ್ಯಾಲ ಹಂಗ ಬಿಡಬಾರದು ಅಂತ ಪೂಜಿ ಮಾಡೀನಿ."

ಪ್ರಭಾವತಿ ಪತ್ರವನ್ನು ಸರಕ್ಕನೆ ಎತ್ತಿಕೊಂಡಳು. ಇನ್ನೂರು ವರ್ಷ ಜೋಪಾನವಾಗಿ ಬಂದದ್ದು ತನ್ನ ಮನೆಯಲ್ಲಿ ಒಂದೇ ರಾತ್ರಿಗೆ ಕೆಟ್ಟಿತಲ್ಲ! ಮುದುಕರು ಇನ್ನು ಯಾರನ್ನಾದರೂ ನಂಬಿಯಾರೆ? ಅಂಗಡಿಗೆ ಹೋಗಿ, ಪತ್ರ ಬಿಡಿಸಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸಾಲೊಮನ್ನರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದನ್ನು ಯಾಕೆ ಹಚ್ಚುತ್ತಾರೆ?"

"ಒಳ್ಳೆಯದಾಗಲಿ ಅಂತ."

ಮೊದಲು ಅವರ ಭುಜ ಕುಲುಕಿತು, ಆಮೇಲೆ ನಗು ಹೊರಬಿತ್ತು. "ಇಷ್ಟು ಮುದ್ರೆ ಒತ್ತಿದವರೆಲ್ಲ ಅವನನ್ನು ಅನುಮಾನಿಸಿದವರೇ, ತಾಯಿ. ಒಳ್ಳೆಯದಾಗಲಿ ಅಂತ ಒತ್ತಿದ್ದು ನಿಮ್ಮತ್ತೆ ಒಬ್ಬರೇ. ಇದನ್ನು ಅಳಿಸಬೇಡಿ, ಮಡಿಕೆ ಮಾತ್ರ ಸರಿಮಾಡಿ."

ಪತ್ರವನ್ನು ಮತ್ತೆ ಅವಳ ಕೈಗೇ ಕೊಟ್ಟರು, ಈ ಸಲ ಹಿಂದಕ್ಕೆಳೆಯಲಿಲ್ಲ. "ಅಬ್ಬ, ಏನು ಸೆಕೆ!" ಎನ್ನುತ್ತ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ಪ್ರಭಾವತಿಗೆ ಹೋದ ಜೀವ ಬಂದಂತಾಯಿತು.

ತಲೆಮಾರುಗಳ ಅಂಜಿಕೆಯನ್ನು ಎದೆಯ ಮೇಲೆ ಹೊತ್ತು ತಿರುಗುವ ಇಂಥ ಹಿರಿಯರು ಲೋಕಕ್ಕೆ ಸಂಶಯದ ಪ್ರಾಣಿಗಳಂತೆ ಕಂಡಾರು. ಆದರೆ ನಂಬಿ ಕೊಡುವುದೆಂದರೇನೆಂದು ಅವರಷ್ಟು ಬಲ್ಲವರಿಲ್ಲ. ಆ ನಂಬಿಕೆ ಉಳಿದ ದಿನ ಅವರಷ್ಟು ಹಗುರಾಗುವವರೂ ಇಲ್ಲ.