ರಾಣಿಯ ಹಣೆಯ ಮಾಣಿಕ್ಯ

ನನ್ನ ಗಂಡ ಬಾಲಚಂದ್ರರಿಗೆ ಬ್ಯಾಂಕಿನಲ್ಲಿ ಬಡ್ತಿ ತಪ್ಪಿದ ವರ್ಷವೇ ಈ ಹುಚ್ಚು ಹತ್ತಿದ್ದು. ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದವರು, ಗಾಜುವಾಕದ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಯೋಧರಿಗೆ ಬಣ್ಣ ಹಚ್ಚತೊಡಗಿದರು. ಹಚ್ಚಿದರೆ ಹಚ್ಚಲಿ, ಸಂಜೆ ಹೊತ್ತು ಅಡುಗೆಮನೆಗೆ ಬಂದು ಮೂಗು ತೂರಿಸುವುದಾದರೂ ತಪ್ಪಿತು ಎಂದುಕೊಂಡೆ. ಆದರೆ ಯೋಧನ ಕತ್ತಿಯ ಹಿಡಿಯಲ್ಲಿ ಸಾಸಿವೆಯಷ್ಟು ಉಬ್ಬಿದ್ದ ಕಡೆ ಮಾಣಿಕ್ಯದ ಹೊಳಪು ತರಿಸುವ ವಿದ್ಯೆ ಕೈವಶವಾದ ಮೇಲೆ ನನ್ನ ಗ್ರಹಚಾರ ಶುರುವಾಯಿತು.

ವಿದ್ಯೆ ಇಷ್ಟೇ. ಕಲ್ಲಿನ ಮೇಲ್ಭಾಗಕ್ಕೆ ಕಡುಗೆಂಪು, ಕೆಳಗೆ ಬರಬರುತ್ತಾ ತಿಳಿಗೆಂಪು. ಮೇಲೆ ಎಡ ಮೂಲೆಯ ಕತ್ತಲಲ್ಲಿ, ಆ ಕಡೆಯಿಂದ ಬೆಳಕು ಬಿದ್ದಂತೆ, ಒಂದು ಬಿಳಿ ಚುಕ್ಕೆ. ಒಣಗಿದ ಮೇಲೆ ಗಾಜಿನಂತೆ ಮಿರುಗುವ ವಾರ್ನಿಶ್. ಇದನ್ನು ಹಾಲಿನವನಿಗೆ ಹೇಳಿದರು, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಬ್ಯಾಂಕಿಗೆ ಲಾಕರ್ ಕೇಳಲು ಬಂದವರೂ ಕೇಳಿಸಿಕೊಂಡೇ ಹೋಗಬೇಕಿತ್ತಂತೆ. ಉಪ್ಪಿನ ಡಬ್ಬಿಯ ಮುಚ್ಚಳದ ಗುಬಟು ಪಚ್ಚೆಯಾಯಿತು. ನನ್ನ ಹೇರ್‌ಕ್ಲಿಪ್ಪು ನೀಲಮಣಿಯಾಯಿತು.

ಅಷ್ಟರಲ್ಲಿ ಮಗಳು ಹರಿಣಿಯ ಮದುವೆಯ ನಂತರದ ಮೊದಲ ದಸರಾ ಬಂತು. ಅವಳನ್ನು ವಿಜಯವಾಡದ ತೆಲುಗು ಮನೆಗೆ ಕೊಟ್ಟಿದ್ದೇವೆ. ಬೀಗರು ದುರ್ಗಾಪ್ರಸಾದ್ ಆಟೋನಗರ್‌ನಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನ ಯಜಮಾನರು. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ಮರದ ರಾಜ ರಾಣಿಯರನ್ನು, ಮಗಳಿಗೆ ದಾಟಿಸಬೇಕೆಂಬುದು ನನ್ನ ಒಂದೇ ಆಸೆ. ಅಮ್ಮ ಇರುವವರೆಗೂ ಪ್ರತಿ ದಸರೆಗೆ ನಮ್ಮ ಮನೆಗೆ ಬಂದು ತನ್ನ ಹೆಬ್ಬೆರಳಿನಿಂದ ರಾಣಿಯ ಹಣೆಗೆ ಕುಂಕುಮ ಒತ್ತುತ್ತಿದ್ದಳು. ಒತ್ತಿ ಒತ್ತಿ ಅಲ್ಲಿ ಕಂದುಗೆಂಪು ಕಲೆ ಕೂತುಬಿಟ್ಟಿತ್ತು. ಅಮ್ಮನದು ಎಂದು ನನ್ನ ಹತ್ತಿರ ಉಳಿದದ್ದು ಅದೊಂದೇ.

"ಇದಕ್ಕೆ ಮಾತ್ರ ಕೈ ಹಚ್ಚಬೇಡಿ ಕಣ್ರೀ," ಎಂದು ಹೇಳಿಯೇ ನಾನು ಒಂದು ನಾಮಕರಣಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ರಾಜನ ಕಿರೀಟ, ರಾಣಿಯ ಸರ, ಎಲ್ಲ ಝಗಝಗ. ಹಣೆಯ ಕಲೆಯ ಮೇಲೆ ಒಂದು ಮಾಣಿಕ್ಯ.

"ಹೆಂಗಿದೆ ಸುಮಿತ್ರಾ? ನಾಲ್ಕು ಪದರ ವಾರ್ನಿಶ್!" ಎಂದರು, ಮೆಡಲ್ ಸಿಕ್ಕ ಹುಡುಗನಂತೆ.

ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು. ಅಲ್ಲಿಂದ ವಿಜಯವಾಡದ ರೈಲು ಇಳಿಯುವವರೆಗೂ ಅವರ ಜೊತೆ ನಾನು ಮಾತಾಡಲಿಲ್ಲ. ಅದು ಅವರ ಗಮನಕ್ಕೂ ಬರಲಿಲ್ಲ, ಎದುರು ಸೀಟಿನವರಿಗೆ ಬಿಳಿ ಚುಕ್ಕೆಯ ಮಹಿಮೆ ಹೇಳುತ್ತಿದ್ದರು.

ಬೀಗರ ಮನೆಯಲ್ಲಿ ಗೊಂಬೆಗಳ ಮೆಟ್ಟಿಲು ಸಜ್ಜಾಗಿತ್ತು. ಬೀಗಿತ್ತಿ ಹೈಮಾವತಿ ನಮ್ಮ ರಾಜ ರಾಣಿಯರನ್ನು ಮೇಲಿನ ಮೆಟ್ಟಿಲಿನಲ್ಲೇ ಕೂರಿಸಿದರು. ನನ್ನ ಗಂಡನ ಮುಖ ಮಾತ್ರ ಹುಳ್ಳಗಾಯಿತು. ಆ ಮನೆಯ ಕಿಟಕಿ ಬಲಗಡೆ, ದೀಪವೂ ಬಲಗಡೆ. ಇವರು ಚುಕ್ಕೆ ಇಟ್ಟದ್ದು ಎಡಗಡೆ.

"ಬಾವಗಾರೂ, ಬೆಳಕು ಈ ಕಡೆಯಿಂದ ಬಂದ್ರೆ ಕಲ್ಲು ಸತ್ತೇ ಹೋಗುತ್ತೆ. ದೀಪ ಆ ಕಡೆ ಇಡೋಣ," ಎಂದರು ಬೀಗರಿಗೆ.

"ಅದು ಆಗ್ನೇಯ ಮೂಲ ಅಂಡೀ, ದೀಪ ಅಲ್ಲೇ ಇರಾಲಿ," ಎಂದರು ದುರ್ಗಾಪ್ರಸಾದ್, ತಮಗೆ ಬಂದ ಕನ್ನಡದಲ್ಲಿ.

ವಾಸ್ತುವಿಗೂ ವಾರ್ನಿಶ್‌ಗೂ ಜಗಳ ಹತ್ತಿತು. ಕೊನೆಗೆ ಬೀಗರು ಮರ್ಯಾದೆಗೆ ಕಟ್ಟುಬಿದ್ದು ಸುಮ್ಮನಾದರು. ನನ್ನ ಗಂಡ ಕಿಟಕಿಗೆ ಪೇಪರ್ ಅಂಟಿಸಿದರು, ಎಡಗಡೆ ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿದರು. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರನ್ನು ಟ್ರಾಫಿಕ್ ಪೊಲೀಸನಂತೆ ಒಂದೇ ಕಡೆ ನಿಲ್ಲಿಸಿದರು. ಹೊಸ ಸೊಸೆ ಹರಿಣಿ ನೆಲ ನೋಡುತ್ತಾ ನಿಂತಿದ್ದಳು.

ಹೈಮಾವತಿ ಆರತಿ ಎತ್ತಿದರು. ಕರ್ಪೂರದ ಉರಿ ಎಡದಿಂದ ಬಲಕ್ಕೆ ಸುತ್ತಿತು. ಗೊಂಬೆಗಳ ನೆರಳೆಲ್ಲ ಅದರ ಜೊತೆ ಓಡಾಡಿತು, ಬಿಳಿ ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು.

"ತಿರುಗಿಸಬೇಡಿ, ಅತ್ತಿಗೆಯವರೇ! ಎಡಗಡೆನೇ ಸ್ವಲ್ಪ ಹಿಡ್ಕೊಂಡಿರಿ!" ಎಂದು ಇವರು ಕೂಗಿಯೇಬಿಟ್ಟರು.

ದೇವರೆದುರು ಆರತಿಯನ್ನು ನಿಲ್ಲಿಸು ಎಂದ ಬೀಗರನ್ನು ವಿಜಯವಾಡ ಅಂದೇ ಮೊದಲು ನೋಡಿದ್ದಿರಬೇಕು. ಹೈಮಾವತಿ ದೊಡ್ಡವರು, ಕೇಳಿಸದವರಂತೆ ಆರತಿ ಮುಗಿಸಿದರು. ಆಮೇಲೆ ರಾಣಿಯ ಹಣೆಗೆ ಕುಂಕುಮ ಇಡಲು ಹೋದರು. ಅದು ಜಾರಿ ರಾಣಿಯ ಮಡಿಲಿಗೆ ಬಿತ್ತು. ಬೆರಳು ಒದ್ದೆ ಮಾಡಿ ಇಟ್ಟರು. ಮತ್ತೆ ಜಾರಿತು.

"ವದಿನಗಾರೂ, ರಾಣಿಯಮ್ಮಗೆ ಬೊಟ್ಟು ನಿಲ್ತಾನೇ ಇಲ್ಲ," ಎಂದರು ನನ್ನತ್ತ ತಿರುಗಿ, ಸಣ್ಣ ದನಿಯಲ್ಲಿ. ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಸೊಸೆಯ ತವರಿನಿಂದ ಬಂದ ರಾಣಿ, ಮೊದಲ ಹಬ್ಬ, ಹಣೆಯಲ್ಲಿ ಕುಂಕುಮ ನಿಲ್ಲುತ್ತಿಲ್ಲ.

"ಅಪಶಕುನ ಏನಿಲ್ಲ, ಅದು ಗ್ಲಾಸ್ ಫಿನಿಶ್," ಎಂದು ಇವರು ಸಮಜಾಯಿಷಿ ಶುರುಮಾಡಿದರು. "ಬೇಕಾದ್ರೆ ಕುಂಕುಮಾನೂ ನಾನೇ ಪೇಂಟ್ ಮಾಡಿ..."

"ಬಾಯಿ ಮುಚ್ಚಿಕೊಂಡಿರ್ರೀ!" ಎಂದೆ, ಬೀಗರ ಮುಂದೆಯೇ. ಮುಂದೆ ಹೋಗಿ ಮಾಣಿಕ್ಯದ ಅಂಚಿಗೆ ಉಗುರು ಕೊಟ್ಟು ಎಬ್ಬಿಸಿದೆ. ಚಕ್ಕೆಯಾಗಿ ಎದ್ದು ಬಂತು. ತಿರುಗಿಸಿ ನೋಡಿದೆ. ಅದರ ಬೆನ್ನಿಗೆ ಅಮ್ಮನ ಕಲೆಯೂ ಅಂಟಿಕೊಂಡು ಬಂದಿತ್ತು. ರಾಣಿಯ ಹಣೆಯಲ್ಲಿ ಬರೀ ಬೋಳು ಮರ.

ನನಗೆ ಅಳು ತಡೆಯಲಾಗಲಿಲ್ಲ. ಗಂಡ ಚಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಆಗ ಅರ್ಥವಾಯಿತು. ಮದುವೆಯಾದಾಗಿನಿಂದ ಅಂಥ ಪೆಚ್ಚು ಮುಖ ನಾನು ಕಂಡಿರಲಿಲ್ಲ.

ಹರಿಣಿ ಮುಂದೆ ಬಂದಳು. ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡು, ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ, ಬೋಳು ಮರಕ್ಕೆ ಒತ್ತಿದಳು. ನಿಂತಿತು. ಸ್ವಲ್ಪ ಸೊಟ್ಟಗಿತ್ತು.

"ಅಳಿಸಿ ಹೋಗದ ಹಾಗೆ ಅದರ ಮೇಲೆ ಒಂದೇ ಒಂದು ಕೋಟ್..." ಎಂದರು ಇವರು, ಅಳುವ ದನಿಯಲ್ಲಿ.

"ಬೇಡ ಅಪ್ಪಾ," ಎಂದಳು ಹರಿಣಿ. "ಅಳಿಸಿ ಹೋದ್ರೆ ನಾನು ಮತ್ತೆ ಇಡ್ತೀನಿ."