ತುಟಿಯ ಎರಡು ತುದಿ

ಸತ್ತವರ ಫೋಟೋದಲ್ಲೂ ನಗು ಬೇಕೆಂದು ಹಟ ಹಿಡಿಯುವ ಜನ ಇದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಇದ್ದಾರೆ, ಬೇಕಾದಷ್ಟಿದ್ದಾರೆ. ಅಂಥವರಿಗೆ ನಗು ಹಚ್ಚಿಕೊಟ್ಟೇ ಹದಿನೇಳು ವರ್ಷ ಅವಳ ಜೀವನ ನಡೆದಿತ್ತು. ಸ್ಟುಡಿಯೋದ ಹಿಂದಿನ ಕೋಣೆ, ಕಿಟಕಿಯಿಲ್ಲದ ಗೋಡೆ, ಅದಕ್ಕೆ ಮುಖ ಮಾಡಿಟ್ಟ ಒಂದು ಕಂಪ್ಯೂಟರು. ಫೋಟೋ ತೆಗೆಯುವವನು ಮಾಲೀಕ, ತಿದ್ದುವವಳು ಇವಳು. ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಕೊನೆಗೆ ತುಟಿಯ ಎರಡೂ ತುದಿ ಹಿಡಿದು ಕೂದಲೆಳೆಯಷ್ಟು ಮೇಲೆತ್ತುವುದು. ಅಷ್ಟು ಮಾಡಿದರೆ ಸಾಕು, ಎಂಥ ಅಳುಮುಂಜಿಯೂ ಲಾಟರಿ ಹೊಡೆದವನಂತೆ ಕಾಣುತ್ತಿದ್ದ. ಗಿರಾಕಿಗಳು ಅವಳ ಹೆಸರು ಕೇಳುವ ಗೋಜಿಗೇ ಹೋಗದೆ "ನಗು ಹಾಕೋ ಅಕ್ಕ ಇದ್ದಾರಾ?" ಎಂದು ವಿಚಾರಿಸುತ್ತಿದ್ದರು.

ಮಾಲೀಕನದು ಒಂದೇ ಕಟ್ಟುನಿಟ್ಟು. ತಿದ್ದಿದ್ದನ್ನು ಮೂಲ ಫೋಟೋದ ಮೇಲೆಯೇ ಸೇವ್ ಮಾಡಿ ಉಳಿಸಬೇಕು, ಮೂಲ ಉಳಿಯಕೂಡದು. ಹಿಂದೊಮ್ಮೆ ಒಬ್ಬ ಹೆಂಗಸು ತಿದ್ದುವ ಮುಂಚಿನ ತನ್ನ ಮುಖ ನೋಡಿಬಿಟ್ಟು "ಇದು ನಾನಲ್ಲ" ಎಂದು ಅಂಗಡಿ ಕಿತ್ತುಹೋಗುವಂತೆ ರಂಪ ಮಾಡಿದ್ದಳು. "ಹಳೇದು ಇದ್ರೆ ತಾನೇ ಜಗಳ? ಇಲ್ಲದೇ ಹೋದ್ರೆ ಎಲ್ಲಿಂದ ಬರುತ್ತೆ?" ಎನ್ನುವುದು ಅವನ ನ್ಯಾಯ. ಹದಿನೇಳು ವರ್ಷದಲ್ಲಿ ಆ ಕೆಲಸ ಅವಳ ಬೆರಳಿಗೆ ಅಂಟಿಕೊಂಡಿತ್ತು. ತುದಿ ಎತ್ತು, ಉಳಿಸು, ಮುಂದಿನದು ತೆಗೆ.

ಇಂಥವಳಿಗೆ ಸಿಕ್ಕ ಗಂಡ ಹೇಗಿದ್ದ ಗೊತ್ತೇ? ಫೋಟೋದಲ್ಲಿ ನಗದವನು.

ಪುಸ್ತಕದ ಬೈಂಡಿಂಗ್ ಮಾಡುವ ಕೆಲಸ ಅವನದು. ಹರಿದ ನಿಘಂಟು, ಬೆನ್ನು ಬಿಟ್ಟ ಶಾಲಾ ಪುಸ್ತಕ, ಕಚೇರಿಯ ದಪ್ಪ ರಿಜಿಸ್ಟರು, ಎಲ್ಲಕ್ಕೂ ಸೂಜಿ ಹಾಕಿ, ಗೋಂದು ಬಳಿದು, ರಟ್ಟು ಕಟ್ಟಿ ಕೊಡುತ್ತಿದ್ದ. ನಗುವುದಿಲ್ಲ ಎಂದ ಮಾತ್ರಕ್ಕೆ ಸಿಡುಕ ಎಂದುಕೊಳ್ಳಬೇಡಿ. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನವೂ ತಟ್ಟೆ ಕುಕ್ಕಿದವನಲ್ಲ. ಸಂಜೆ ಬಂದು ಕೈ ತೊಳೆದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಕೂತ, ಅಷ್ಟೇ. ಬೀದಿ ನೋಡುವನು. ಮಗಳು ಪಕ್ಕದಲ್ಲಿ ಓದಿಕೊಳ್ಳುತ್ತಿದ್ದರೆ ಅವಳ ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಸವರುವನು. ಮುಖ ಮಾತ್ರ ಹೇಗಿತ್ತೋ ಹಾಗೆ.

"ಯಾಕ್ರೀ ಹಾಗೆ ಕೂತಿದ್ದೀರಾ? ಏನಾಯ್ತು?"

"ಏನೂ ಆಗಿಲ್ವಲ್ಲೇ."

"ಖುಷಿಯಾಗಿಲ್ವಾ?"

ಅವನು ಆ ಪ್ರಶ್ನೆಯನ್ನು ಲೆಕ್ಕದ ಮೇಷ್ಟರು ಕೇಳಿದಂತೆ ಯೋಚಿಸುತ್ತಿದ್ದ. "ಚೆನ್ನಾಗಿದೀನಿ. ಸಾಕಾಗುವಷ್ಟಿದೆ" ಎನ್ನುತ್ತಿದ್ದ.

ಸಾಕಾಗುವಷ್ಟಂತೆ! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಇದೇ ಗಂಡನ ತಮ್ಮ, ಅವಳ ಮೈದುನ, ಬೀದಿಯ ಆ ತುದಿಯಲ್ಲಿದ್ದರೂ ಅವನ ನಗು ಈ ತುದಿಗೆ ಕೇಳುತ್ತಿತ್ತು. ಅವನು, ಅವನ ಹೆಂಡತಿ, ಮಕ್ಕಳು ಎಲ್ಲರೂ ಸೇರಿ ಹಲ್ಲು ಬಿಟ್ಟ ಫೋಟೋವೊಂದು ದಿನ ಬೆಳಗಾದರೆ ಮನೆಮಂದಿಯ ಗ್ರೂಪಿಗೆ ಬಂದು ಬೀಳುತ್ತಿತ್ತು. ಒಮ್ಮೆ ಓರಗಿತ್ತಿ ಎಲ್ಲರೆದುರಿಗೆ, "ಪಾಪ ಅಕ್ಕ, ಭಾವನವರ ಮುಖ ನೋಡಿದ್ರೆ ನೀವೇ ಅವರಿಗೆ ಊಟ ಹಾಕ್ತಿಲ್ವೇನೋ ಅನ್ಸುತ್ತೆ" ಎಂದು ನಕ್ಕಳು. ಎಲ್ಲರೂ ನಕ್ಕರು. ಇವಳೂ ನಕ್ಕಳು, ಬೇರೆ ದಾರಿ ಇರಲಿಲ್ಲ. ಮಾರನೆಯ ದಿನ ಸ್ಟುಡಿಯೋದಲ್ಲಿ ಗಂಡನ ಫೋಟೋ ತೆರೆದು ತುಟಿಯ ಎರಡೂ ತುದಿ ಹಿಡಿದು ಎತ್ತಿದಳು. ಉಳಿಸಿದಳು. ಗ್ರೂಪಿಗೆ ಹಾಕಿದಳು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಜನ ಮೆಚ್ಚಿದರು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಹೊಸ ಫೋಟೋ ತೆಗೆದ ಕೂಡಲೇ ತಿದ್ದುವುದು, ಹಳೆಯವನ್ನು ಹುಡುಕಿ ಹುಡುಕಿ ತಿದ್ದುವುದು. ಬಣ್ಣಗೆಟ್ಟಿದ್ದ ಮದುವೆಯ ಆಲ್ಬಮ್ಮನ್ನೂ ಸ್ಕ್ಯಾನು ಮಾಡಿ, ನಗಿಸಿ, ಹೊಸದಾಗಿ ಮುದ್ರಿಸಿ, ಹಳೆಯದನ್ನು ರದ್ದಿಗೆ ಹಾಕಿದಳು. ಬರೀ ತುದಿ ಎತ್ತಿದರೆ ಸಾಲದೆ ಹಲ್ಲು ಕಾಣಬೇಕು ಎನಿಸಿದಾಗ ಮೈದುನನ ಬಾಯನ್ನೇ ಕತ್ತರಿಸಿ ಗಂಡನಿಗೆ ಅಂಟಿಸಿದಳು. ಒಡಹುಟ್ಟಿದವರಲ್ಲವೇ, ಅಳತೆಗೆ ಸರಿಯಾಗಿ ಕೂತಿತು. ಗಂಡ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಚೆನ್ನಾಗಿದಾನೆ" ಎಂದ. ಇದ್ದೀನಿ ಎನ್ನಲಿಲ್ಲ. ಅವಳಿಗೆ ಅದು ಆಗ ಕೇಳಿಸಲೇ ಇಲ್ಲ.

ಆಮೇಲೆ ಅವನು ನಗತೊಡಗಿದ. ನಿಜವಾಗಿ! ಸಂಜೆ ಬಾಗಿಲು ದಾಟುವಾಗಲೇ ಮುಖದಲ್ಲಿ ನಗು. "ಇವತ್ತು ಖುಷಿಯಾಗಿದ್ದೀರಾ?" ಎಂದರೆ "ಹೂಂ ಕಣೇ." ಕೊನೆಗೂ ಗಂಡ ದಾರಿಗೆ ಬಂದ ಎಂದು ಅವಳು ಹಿಗ್ಗಿದಳು. ಎಂಟು ತಿಂಗಳು ಹಾಗೇ ನಗುತ್ತ ಬಂದ. ಎಂಟನೆಯ ತಿಂಗಳು ಬೈಂಡಿಂಗ್ ಅಂಗಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದ. ಡಾಕ್ಟರು ರಿಪೋರ್ಟು ನೋಡಿ ಅವಳ ಮೇಲೆ ರೇಗಿದರು. "ಇಷ್ಟು ದಿನ ಏನ್ ಮಾಡ್ತಿದ್ರಿ? ಈ ನೋವು ಇಟ್ಕೊಂಡು ಮನುಷ್ಯ ಸುಮ್ನೆ ಇರೋಕೆ ಆಗುತ್ತಾ?" ಅವಳು ಮಂಚದ ಕಡೆ ತಿರುಗಿದಳು. ಅಲ್ಲಿಂದಲೂ ಅವನು ಅವಳನ್ನು ನೋಡಿ ನಕ್ಕ. ಹತ್ತೊಂಬತ್ತು ದಿನ ನಕ್ಕ. ಇಪ್ಪತ್ತನೆಯ ದಿನ ಹೋಗಿಬಿಟ್ಟ.

ಗೋಡೆಗೆ ದೊಡ್ಡದೊಂದು ಫೋಟೋ ಹಾಕಿಸಬೇಕೆಂದು ಮೈದುನ ತಾನೇ ಚೌಕಟ್ಟು ತಂದುಕೊಟ್ಟ. ಅವಳು ಹಲ್ಲು ಕಾಣುವ ಫೋಟೋ ಮುದ್ರಿಸಿ ತಂದಳು. ಅವನು ಅದನ್ನು ಕೈಯಲ್ಲಿ ಹಿಡಿದು ಬಿಕ್ಕಿದ. "ನೋಡಿ ಅತ್ತಿಗೆ, ಅಣ್ಣನ ನಗು ಥೇಟ್ ನನ್ನ ಥರಾನೇ!" ಇರದೆ ಏನು ಮಾಡೀತು, ಅವನದೇ ಅಲ್ಲವೇ! ಅವಳು ಸೆರಗು ಬಾಯಿಗಿಟ್ಟುಕೊಂಡಳು.

ಮಗಳು ಮಾತ್ರ ಅಳಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಇಪ್ಪತ್ತೆರಡು ವರ್ಷದ ಹುಡುಗಿ. ಅಪ್ಪನ ಹಾಗೆಯೇ ಮಾತು ಕಡಿಮೆ. ಚಿಕ್ಕಪ್ಪ ಹೋಗುವತನಕ ಕಾದಿದ್ದು ಚೌಕಟ್ಟಿನಿಂದ ಫೋಟೋ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದಳು.

"ಇದು ಬೇಡ ಅಮ್ಮ. ಅಪ್ಪ ಇರೋದು ಒಂದು ಕೊಡು."

"ಇದು ಅಪ್ಪ ಅಲ್ದೆ ಮತ್ಯಾರೇ?"

"ನಿಂಗೂ ಗೊತ್ತು. ಒಂದೇ ಒಂದು ಸಾಕು. ಕುರ್ಚಿ ಮೇಲೆ ಸುಮ್ನೆ ಕೂತಿರ್ತಿದ್ರಲ್ಲ, ಆ ಥರದ್ದು. ನಂಗೆ ಮರ್ತು ಹೋಗೋದ್ರೊಳಗೆ ಬೇಕು."

ಎರಡು ದಿನ ಅವಳು ಹುಡುಕಿದಳು. ಇನ್ನೂರ ಹದಿನಾಲ್ಕು ಫೋಟೋ, ಇನ್ನೂರ ಹದಿನಾಲ್ಕು ನಗು. ಫೋನು, ಹಳೆಯ ಫೋನು, ಸ್ಟುಡಿಯೋದ ಡಿಸ್ಕು, ನೆಂಟರ ಮನೆ, ಎಲ್ಲ ಕಡೆಯೂ ಅವಳೇ ಕಳಿಸಿಕೊಟ್ಟಿದ್ದೇ ಇತ್ತು. ತಿದ್ದದೆ ಉಳಿದದ್ದು ಗುರುತಿನ ಚೀಟಿಯದೊಂದು. ಗುರುತಿನ ಚೀಟಿಯಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ? ಆ ಸುಡು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಅವನು ಯಾರೋ ಹಿಡಿದು ತಂದ ಕಳ್ಳನಂತಿದ್ದ.

ಕೊನೆಗೆ ಸ್ಟುಡಿಯೋದಲ್ಲಿ ಕೂತು, ಎತ್ತಿದ್ದನ್ನು ಇಳಿಸಲು ನೋಡಿದಳು. ಎತ್ತಲು ಬರುವವಳಿಗೆ ಇಳಿಸುವುದು ಯಾವ ಮಹಾ ವಿದ್ಯೆ? ತುದಿ ಇಳಿಸಿದಳು, ಅವನು ಅಳುವವನಂತಾದ. ಸ್ವಲ್ಪ ಎತ್ತಿದಳು, ಕೋಪಿಸಿಕೊಂಡವನಾದ. ಇನ್ನೊಂದು ಕೂದಲೆಳೆ, ಯಾರೋ ನೆಂಟನಾದ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಹೋದರೆ ಬಂದದ್ದು ಆಸ್ಪತ್ರೆಯ ನಗು. ಅದರ ಹಿಂದೆ ಹೋಗಲು ನೋಡಿದರೆ ಮೈದುನನ ಹಲ್ಲು. ಇಪ್ಪತ್ತಮೂರು ವರ್ಷ ಆ ಬಾಯನ್ನು ದಿನಾ ನೋಡಿದ್ದಾಳೆ. ನೋಡಿದ್ದು ಎಲ್ಲಿ ತಿದ್ದಬೇಕು ಎಂದು ಮಾತ್ರ. ಅಲ್ಲಿ ಏನಿತ್ತು ಎಂದು ಒಂದು ದಿನವೂ ನೋಡಿರಲಿಲ್ಲ. ಅವಳು ಮೇಜಿಗೆ ತಲೆ ಚಚ್ಚಿಕೊಂಡಳು. ಮಾಲೀಕ ಓಡಿಬಂದು "ಅಕ್ಕ, ಇವತ್ತು ಮನೆಗೆ ಹೋಗಿ" ಎಂದ.

ಮನೆಗೆ ಹೋಗಲಿಲ್ಲ, ಬೈಂಡಿಂಗ್ ಅಂಗಡಿಗೆ ಹೋದಳು. ಅಲ್ಲಿ ಗಂಡನ ಜೊತೆ ಮೂವತ್ತು ವರ್ಷ ಗೋಂದು ಕಲಸಿದ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಗೋಂದಣ್ಣ ಎನ್ನುತ್ತಿದ್ದರು. ಅವಳನ್ನು ಕಂಡು ಕೈ ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ.

"ಇಲ್ಲಿ ಅವರ ಫೋಟೋ ಏನಾದ್ರೂ ಇದೆಯಾ, ಗೋಂದಣ್ಣ? ಕೆಲಸ ಮಾಡ್ತಾ ಇರೋದು?"

"ಇಲ್ಲಿ ಫೋಟೋ ಯಾರು ತೆಗೀತಾರೆ ತಾಯಿ, ರಟ್ಟಿನ ಮಧ್ಯ?"

ಕಾಗದ ಕತ್ತರಿಸುವ ಯಂತ್ರದ ಪಕ್ಕದ ಗೋಡೆಯಲ್ಲಿ, ಅವಳ ತಲೆಗಿಂತ ಒಂದು ಗೇಣು ಮೇಲೆ, ಒಡೆದ ಕನ್ನಡಿಯ ಚೂರೊಂದು ಗೋಂದಿನಿಂದ ಅಂಟಿತ್ತು. ಗಂಡ ಅಷ್ಟೆತ್ತರದವನು.

"ಅದ್ಯಾಕೆ ಅಲ್ಲಿ?"

ಮುದುಕ ಮುಖ ತಿರುಗಿಸಿಕೊಂಡ. "ಬೇಡ ಬಿಡಿ ತಾಯಿ."

"ಹೇಳಿ ಗೋಂದಣ್ಣ. ಇನ್ನೇನು ಹೋಗೋದಿದೆ ನಂದು?"

"ಅವನೇ ಅಂಟಿಸಿದ್ದು. ಸಾಯಂಕಾಲ ಮನೆಗೆ ಹೊರಡೋ ಮುಂಚೆ ಅದರ ಮುಂದೆ ನಿಂತ್ಕೊಳ್ತಿದ್ದ. ಜೇಬಲ್ಲಿ ಒಂದು ಫೋಟೋ, ನೀವು ಮಾಡಿದ್ದು. ಅದನ್ನ ನೋಡೋದು, ಕನ್ನಡಿ ನೋಡೋದು. 'ಹೀಗಾ ಗೋಂದಣ್ಣ? ಸರಿಯಾಯ್ತಾ?' ಅಂತ ನನ್ನ ಕೇಳೋನು. ನೋವು ಶುರುವಾದ ಮೇಲಂತೂ ಒಂದೊಂದು ದಿನ ಕಾಲು ಗಂಟೆ ನಿಲ್ಲೋನು. ಡಾಕ್ಟ್ರ ಹತ್ರ ಹೋಗೋ ಅಂತ ಬೈದೆ. 'ನಾನು ಸಪ್ಪಗಿದ್ರೇನೇ ಅವಳಿಗೆ ಬೇಜಾರು, ಇನ್ನು ಕಾಯಿಲೆ ಅಂದ್ರೆ ಹೆಂಗೆ?' ಅಂದ."

ಅವಳು ಸ್ಟೂಲು ಹಿಡಿದು ಕೂತಳು. "ಮಿಕ್ಕ ಹೊತ್ತಲ್ಲಿ ಹೇಗಿರ್ತಿದ್ರು?" ಎಂದಳು.

"ಹೇಗೆ ಅಂದ್ರೆ? ಇರ್ತಿದ್ದ. ಸೂಜಿ ಹಾಕ್ತಾ ಇರ್ತಿದ್ದ." ಮುದುಕ ತಡಕಾಡಿದ. "ಹೊಟ್ಟೆ ತುಂಬಿದ ಮಗು ಮಲಗೋ ಮುಂಚೆ ಸುಮ್ನೆ ಎಲ್ಲೋ ನೋಡ್ತಿರುತ್ತಲ್ಲ, ಹಂಗೆ. ಅಳೋದೂ ಇಲ್ಲ, ನಗೋದೂ ಇಲ್ಲ. ನಂಗೆ ಮೂವತ್ತು ವರ್ಷ ಅವನ ಪಕ್ಕ ಕೂತ್ಕೊಳ್ಳೋದೇ ಒಂದು ನೆಮ್ಮದಿ ಆಗಿತ್ತು ತಾಯಿ."

ಮುದುಕನ ನೆಮ್ಮದಿ ಅವಳ ಮನೆಯ ಕುರ್ಚಿಯಲ್ಲೂ ಇಪ್ಪತ್ತಮೂರು ವರ್ಷ ಕೂತಿತ್ತು. ಕೈಯಲ್ಲಿದ್ದದ್ದನ್ನು ರೋಗ ಎಂದು ತಿಳಿದು ಔಷಧಿ ಮಾಡಿದ್ದಳು, ಮಹರಾಯ್ತಿ! ಅವನು ಸುಖವಾಗಿದ್ದ. ಅವಳು ಕೇಳಿ ಕೇಳಿ ಅದನ್ನು ಕೆಡಿಸಿದಳು. ದಾರಿಯುದ್ದಕ್ಕೂ ಅವಳು ಅಳುತ್ತಲೇ ನಡೆದಳು, ಜನ ತಿರುಗಿ ನೋಡಿದರೂ ಮುಖ ಮುಚ್ಚಿಕೊಳ್ಳಲಿಲ್ಲ.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಗಳು ಕೂತಿದ್ದಳು. ಕೆಲಸದಿಂದ ಬಂದು ಕೈ ತೊಳೆದಿದ್ದಳು, ತೋಳು ಇನ್ನೂ ಒದ್ದೆಯಿತ್ತು. ತೊಡೆಯ ಮೇಲೆ ಅಪ್ಪ ಕಟ್ಟಿಕೊಟ್ಟ ಪುಸ್ತಕ, ಅದರ ಬೆನ್ನಿನ ಮೇಲೆ ಹೆಬ್ಬೆರಳು. ಬೀದಿ ನೋಡುತ್ತಿದ್ದಳು.

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಲ್ಲಿತ್ತು! ಹುಡುಕಿದ ಮುಖ ಅಲ್ಲಿತ್ತು, ಮಗಳ ಮುಖದ ಮೇಲೆ. ಮೇಲೂ ಇಲ್ಲ ಕೆಳಗೂ ಇಲ್ಲದ ತುಟಿ. ಯಾರಿಂದಲೂ ಏನೂ ಬೇಕಿಲ್ಲದ ಕಣ್ಣು. ಉಸಿರಾಡಿದರೆ ಹೋಗಿಬಿಡುತ್ತದೆ ಎಂಬಂತೆ ಅವಳು ಉಸಿರು ಹಿಡಿದಳು. ಇನ್ನೊಂದು ಗಳಿಗೆ ಇರು ತಾಯಿ, ಇನ್ನೊಂದೇ ಗಳಿಗೆ, ಕಣ್ತುಂಬ ನೋಡಿಕೊಳ್ಳುತ್ತೇನೆ.

ಬಾಗಿಲು ಕಿರ್ ಎಂದಿತು. ಮಗಳು ತಿರುಗಿದಳು. ಅಮ್ಮನನ್ನು ಕಂಡಳು.

ಕಂಡ ತಕ್ಷಣ ಹುಡುಗಿಯ ತುಟಿಯ ಎರಡೂ ತುದಿ ಕೂದಲೆಳೆಯಷ್ಟು ಮೇಲೆ ಹೋದವು. "ಬಂದ್ಯಾ ಅಮ್ಮ? ನಾನು ಚೆನ್ನಾಗಿದೀನಿ" ಎಂದಳು, ಯಾರೂ ಕೇಳುವ ಮುಂಚೆಯೇ.

ಅವಳು ಓಡಿಹೋಗಿ ಮಗಳ ಮುಂದೆ ನೆಲದ ಮೇಲೆ ಕುಸಿದು, ಎರಡೂ ಕೈಯಲ್ಲಿ ಆ ಮುಖ ಹಿಡಿದುಕೊಂಡಳು. "ನಗಬೇಡ ಕಂದ, ನನಗೋಸ್ಕರ ನಗಬೇಡ. ಈಗತಾನೇ ಹೇಗಿದ್ಯೋ ಹಾಗೇ ಇರು. ಬಾಗಿಲು ಸದ್ದಾಗೋ ಮುಂಚೆ ಇದ್ಯಲ್ಲ, ಹಾಗೆ."

ಮಗಳ ಮುಖದ ನಗು ಗಾಬರಿಯಲ್ಲಿ ನಡುಗಿತು, ಇಳಿಯಲಿಲ್ಲ.

"ನಾನು ಹೇಗಿದ್ದೆ ಅಮ್ಮ?" ಎಂದಳು ಮಗಳು. "ಹೇಳು, ಹಾಗೇ ಇಟ್ಕೋತೀನಿ."